ಮುಂಬೈ ತೆರೆಯುವ ತನಕ ಕಾದ ಸಿನಿಮಾಗಳು

2021ರ ಅಕ್ಟೋಬರ್ 22, ಶುಕ್ರವಾರ. ಕೋವಿಡ್‌ನಿಂದಾಗಿ ಏಪ್ರಿಲ್‌ನಿಂದ ಮುಚ್ಚಿದ್ದ ಮಹಾರಾಷ್ಟ್ರದ ಥಿಯೇಟರ್‌ಗಳು ಬಾಗಿಲು ತೆರೆದ ದಿನ ಅದು. ಅವತ್ತೇ ಭಾರತದಲ್ಲಿ 'ಡ್ಯೂನ್' ಬಿಡುಗಡೆಯಾಯಿತು. ಮರಳುಗಾಡಿನ ಗ್ರಹದ ಆ ಚಿತ್ರಕ್ಕೆ ಮೊದಲು ಗೊತ್ತಾಗಿದ್ದ ದಿನಾಂಕ 2020ರ ನವೆಂಬರ್. ಆಮೇಲೆ ಡಿಸೆಂಬರ್ ಅಂದರು, ಆಮೇಲೆ 2021ರ ಅಕ್ಟೋಬರ್ 1 ಅಂದರು, ಕೊನೆಗೆ 22ಕ್ಕೆ ನಿಂತಿತು. ನಾವಿರುವ ಮುಂಬೈಗೆ ಅದು ಸರಿಯಾಗಿ ಬಾಗಿಲು ತೆರೆದ ದಿನವೇ ಸಿಕ್ಕಿದ್ದು ಕಾಕತಾಳೀಯ. ಇದಕ್ಕೆ ಮೂರು ವಾರ ಮೊದಲು, ಸೆಪ್ಟೆಂಬರ್ 30ಕ್ಕೆ, ಜೇಮ್ಸ್ ಬಾಂಡ್‌ನ 'ನೋ ಟೈಮ್ ಟು ಡೈ' ದೇಶದಲ್ಲಿ ಬಿಡುಗಡೆಯಾಗಿತ್ತು. ಆಗ ಮುಂಬೈ, ಪುಣೆ, ನಾಗಪುರದಲ್ಲಿ ಒಂದು ತೆರೆಯೂ ಬೆಳಗಿರಲಿಲ್ಲ.

ಸಾಂಕ್ರಾಮಿಕ ಬಂತು, ಥಿಯೇಟರ್ ಮುಚ್ಚಿತು, ಸಿನಿಮಾ ತಡವಾಯಿತು. ಎಲ್ಲರೂ ಹೇಳುವುದು ಇಷ್ಟೇ. ಆದರೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಪೂರ್ತಿ ಹೊಂದುವುದಿಲ್ಲ. 2020ರ ಅಕ್ಟೋಬರ್ 15ರಿಂದಲೇ ಅರ್ಧ ಸೀಟಿನೊಂದಿಗೆ ಥಿಯೇಟರ್ ತೆರೆಯಲು ಕೇಂದ್ರ ಒಪ್ಪಿಗೆ ಕೊಟ್ಟಿತ್ತು. ಮಹಾರಾಷ್ಟ್ರ ನವೆಂಬರ್ 5ಕ್ಕೆ ತೆರೆಯಿತು. 2021ರ ಫೆಬ್ರವರಿ 1ರಿಂದ ಪೂರ್ತಿ ಸೀಟು ತುಂಬಿಸಬಹುದು ಅಂತ ಕೇಂದ್ರವೇ ಹೇಳಿತು. ಅಂದರೆ ಎರಡನೇ ಅಲೆ ಬರುವ ಮೊದಲು ಸುಮಾರು ಐದು ತಿಂಗಳು ಬಾಗಿಲು ತೆರೆದೇ ಇತ್ತು. ಆ ಐದು ತಿಂಗಳಲ್ಲಿ ಹಿಂದಿಯ 'ಸೂರ್ಯವಂಶಿ' ಬರಲಿಲ್ಲ, '83' ಬರಲಿಲ್ಲ, 'ಕೆಜಿಎಫ್ ಚಾಪ್ಟರ್ 2' ಬರಲಿಲ್ಲ. ಹಾಲಿವುಡ್‌ನ ದೊಡ್ಡ ಚಿತ್ರಗಳಲ್ಲಿ ಬಂದಿದ್ದೂ ಬೆರಳೆಣಿಕೆಯಷ್ಟು.

ಅದೇ ಸಮಯದಲ್ಲಿ ಕರ್ನಾಟಕದಲ್ಲಿ ಏನಾಯಿತು ನೋಡಿ. ಫೆಬ್ರವರಿಯಲ್ಲಿ 'ಪೊಗರು' ಬಂತು. ಮಾರ್ಚ್‌ನಲ್ಲಿ 'ರಾಬರ್ಟ್' ಬಂತು. ಏಪ್ರಿಲ್ 1ಕ್ಕೆ 'ಯುವರತ್ನ' ಬಂತು. ಇವೂ ದೊಡ್ಡ ನಟರ ಚಿತ್ರಗಳೇ, ಖರ್ಚೂ ಕಡಿಮೆಯೇನಲ್ಲ. ಆದರೆ ಇವುಗಳ ದುಡ್ಡು ಹೆಚ್ಚಾಗಿ ಒಂದೇ ರಾಜ್ಯದಿಂದ ಬರಬೇಕು. ಆ ರಾಜ್ಯ ತೆರೆದರೆ ಸಾಕು, ಹೊರಡಬಹುದು. 'ಕೆಜಿಎಫ್ 2' ಹಾಗಲ್ಲ. ಅದು ಕನ್ನಡದ ಜೊತೆಗೆ ಹಿಂದಿ, ತೆಲುಗು, ತಮಿಳು, ಮಲಯಾಳಂ ಮಾರುಕಟ್ಟೆಗಳನ್ನೂ ಲೆಕ್ಕ ಹಾಕಿ ಮಾಡಿದ ಚಿತ್ರ. ಹಾಗಾಗಿ 2020ರ ಅಕ್ಟೋಬರ್ 23ರಿಂದ 2021ರ ಜುಲೈ 16ಕ್ಕೆ, ಅಲ್ಲಿಂದ 2022ರ ಏಪ್ರಿಲ್ 14ಕ್ಕೆ ಹೋಯಿತು. ಬೆಂಗಳೂರು ತೆರೆದಿದ್ದರೂ ಮುಂಬೈ ಮುಚ್ಚಿದ್ದರೆ ಅದು ಅಲ್ಲಾಡುವಂತಿರಲಿಲ್ಲ.

ವಿಷಯ ಇಲ್ಲಿದೆ. ಸಿನಿಮಾ ದೊಡ್ಡದಾದಷ್ಟೂ ಅದಕ್ಕೆ ಒಂದೇ ವಾರದಲ್ಲಿ ಜಾಸ್ತಿ ಊರುಗಳು ತೆರೆದಿರಬೇಕು. ನೂರು ಬಾಗಿಲಲ್ಲಿ ತೊಂಬತ್ತು ತೆರೆದರೆ ಸಾಲದು. ಮುಚ್ಚಿರುವ ಆ ಹತ್ತರಲ್ಲಿ ಮುಂಬೈ ಇದ್ದರಂತೂ ಮುಗಿಯಿತು. ಹಿಂದಿ ಸಿನಿಮಾ ವ್ಯಾಪಾರದಲ್ಲಿ ದೇಶವನ್ನು ಸರ್ಕಿಟ್‌ಗಳಾಗಿ, ಅಂದರೆ ವಿತರಣೆಯ ವಲಯಗಳಾಗಿ ಹಂಚಿಕೊಂಡಿದ್ದಾರೆ. ಅದರಲ್ಲಿ ಮುಂಬೈ ಸರ್ಕಿಟ್ ಅಂದರೆ ಬರೀ ಈ ಊರಲ್ಲ. ಗುಜರಾತ್ ಅದರಲ್ಲಿದೆ, ಮಹಾರಾಷ್ಟ್ರದ ದೊಡ್ಡ ಭಾಗ ಅದರಲ್ಲಿದೆ, ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರ ಕರ್ನಾಟಕದ ಕೆಲ ಜಿಲ್ಲೆಗಳೂ ಅದರಲ್ಲಿವೆ. ರಾಜ್ಯಗಳು ಬೇರೆಯಾಗಿ ಎಷ್ಟೋ ದಶಕ ಕಳೆದರೂ ವಿತರಕರ ನಕಾಶೆ ಹಳೆಯದೇ. ದೇಶದ ಅತಿ ದೊಡ್ಡ ಗಳಿಕೆಯ ಪ್ರದೇಶ ಇದು. ಇದನ್ನು ಬಿಟ್ಟು ಹಿಂದಿ ಚಿತ್ರ ಬಿಡುಗಡೆ ಮಾಡಿದರೆ ಕೈಗೆ ಬರುವುದು ಹಾಕಿದ ದುಡ್ಡಿನ ಬಡ್ಡಿಗೂ ಸಾಲದೆ ಹೋಗಬಹುದು.

ಇದಕ್ಕೆ ಸಾಕ್ಷಿ 2021ರ ಸೆಪ್ಟೆಂಬರ್ 25. ಅಕ್ಟೋಬರ್ 22ರಿಂದ ಥಿಯೇಟರ್ ತೆರೆಯಬಹುದು ಅಂತ ಮಹಾರಾಷ್ಟ್ರ ಸರ್ಕಾರ ಆ ಶನಿವಾರ ಹೇಳಿತು. ಅವತ್ತೇ 'ಸೂರ್ಯವಂಶಿ' ದೀಪಾವಳಿಗೆ ಅಂತ ಘೋಷಣೆಯಾಯಿತು. ಮಾರನೆಯ ದಿನ ಭಾನುವಾರ. ಆದರೂ ಒಂದರ ಹಿಂದೆ ಒಂದು ನಿರ್ಮಾಣ ಸಂಸ್ಥೆ ತಾರೀಖು ಹಿಡಿದುಕೊಳ್ಳಲು ನುಗ್ಗಿತು. ಮುಂದಿನ ವರ್ಷದ ಶುಕ್ರವಾರಗಳೆಲ್ಲ ಎರಡೇ ದಿನದಲ್ಲಿ ಬುಕ್ ಆದ ಹಾಗಾಯಿತು. ಒಂದು ರಾಜ್ಯದ ಒಂದು ಪ್ರಕಟಣೆಗಾಗಿ ಇಡೀ ಹಿಂದಿ ಚಿತ್ರರಂಗ ಉಸಿರು ಬಿಗಿಹಿಡಿದು ಕೂತಿತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಕಾ?

ಈಗ ವೈಜ್ಞಾನಿಕ ಕಲ್ಪನೆಯ ಚಿತ್ರಗಳಿಗೆ ಬರೋಣ. ಈ ಜಾತಿಯ ಸಿನಿಮಾ ಎಲ್ಲಕ್ಕಿಂತ ಜಾಸ್ತಿ ನರಳಿದ್ದಕ್ಕೆ ಕಾರಣಗಳಿವೆ. ಮೊದಲನೆಯದು ಖರ್ಚು. 'ಟೆನೆಟ್' ಚಿತ್ರಕ್ಕೆ ಆದ ಖರ್ಚು ಸುಮಾರು 20 ಕೋಟಿ ಡಾಲರ್. 2019ರ ಸೆಪ್ಟೆಂಬರ್‌ನಲ್ಲಿ ಕ್ರಿಸ್ಟೊಫರ್ ನೋಲನ್ ಅದರ ಒಂದು ಭಾಗವನ್ನು ನಮ್ಮ ಕೊಲಾಬಾ, ಗೇಟ್‌ವೇ ಸುತ್ತಮುತ್ತಲೇ ಚಿತ್ರೀಕರಿಸಿದ್ದರು. 2020ರ ಜುಲೈ 17ಕ್ಕೆ ಬರಬೇಕಿದ್ದ ಅದು ಎರಡೆರಡು ವಾರ ಜಾರುತ್ತ ಆಗಸ್ಟ್ ಕೊನೆಗೆ ಕೆಲವು ದೇಶಗಳಲ್ಲಿ, ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ, ಡಿಸೆಂಬರ್ 4ಕ್ಕೆ ಭಾರತದಲ್ಲಿ ಬಂತು. ಯಾರಾದರೂ ಒಬ್ಬರು ಮುಂದೆ ಹೋಗಲೇಬೇಕಿತ್ತು, ಇವರು ಹೋದರು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಥಿಯೇಟರ್‌ಗಳು ಮುಚ್ಚಿಯೇ ಇದ್ದವು. ಜಗತ್ತಿನಾದ್ಯಂತ ಗಳಿಕೆ 36 ಕೋಟಿ ಡಾಲರ್ ಆಸುಪಾಸು. ಕೇಳಲು ದೊಡ್ಡ ಮೊತ್ತ. ಆದರೆ ಟಿಕೆಟ್ ದುಡ್ಡಿನಲ್ಲಿ ಹತ್ತಿರತ್ತಿರ ಅರ್ಧ ಥಿಯೇಟರಿನವರಿಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಹಾಗಾಗಿ ಲೆಕ್ಕ ನಷ್ಟದಲ್ಲೇ ನಿಂತಿತು.

ಆ ಅಂಕಿ ನೋಡಿ ಉಳಿದವರೆಲ್ಲ ಹಿಂದೆ ಸರಿದರು. ಅಕ್ಟೋಬರ್ ಮೊದಲ ವಾರದಲ್ಲೇ ಬಾಂಡ್ ಚಿತ್ರ 2021ರ ಏಪ್ರಿಲ್‌ಗೆ ಹೋಯಿತು. ಮೂರೇ ದಿನದಲ್ಲಿ 'ಡ್ಯೂನ್' ಕೂಡ ಹೋಯಿತು. ತೋರಿಸಲು ಚಿತ್ರವೇ ಇಲ್ಲ ಅಂತ ಸಿನಿವರ್ಲ್ಡ್ ಸಂಸ್ಥೆ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ತೆರೆದಿದ್ದ ತನ್ನ ಥಿಯೇಟರ್‌ಗಳನ್ನು ಮತ್ತೆ ಮುಚ್ಚಿತು. ಥಿಯೇಟರ್ ಮುಚ್ಚಿದೆ ಅಂತ ಚಿತ್ರ ಬರಲಿಲ್ಲ, ಚಿತ್ರ ಬರಲಿಲ್ಲ ಅಂತ ಥಿಯೇಟರ್ ಮುಚ್ಚಿತು. ಈ ಸುಳಿಯಿಂದ ಹೊರಬರಲು ಇಡೀ ವರ್ಷ ಹಿಡಿಯಿತು.

ಎರಡನೆಯ ಕಾರಣ ತೆರೆಯ ಗಾತ್ರ. ಬಾಹ್ಯಾಕಾಶ, ಬೇರೆ ಗ್ರಹ, ಕಿವಿ ನಡುಗಿಸುವ ಶಬ್ದ ಇರುವ ಚಿತ್ರವನ್ನು ಜನ ಐಮ್ಯಾಕ್ಸ್ ಅನ್ನುವ ಭಾರಿ ತೆರೆಯಲ್ಲಿ ನೋಡಲು ಬಯಸುತ್ತಾರೆ. ಟಿಕೆಟ್ ದುಬಾರಿ, ಗಳಿಕೆಯ ಒಳ್ಳೆಯ ಪಾಲು ಅಲ್ಲಿಂದಲೇ ಬರುತ್ತದೆ. ಆದರೆ ಇಡೀ ಮುಂಬೈಯಲ್ಲಿ ಅಂಥ ತೆರೆಗಳು ಕೆಲವೇ ಕೆಲವು. ಒಂದು ವಾರ ಒಂದು ಚಿತ್ರಕ್ಕೆ ಕೊಟ್ಟರೆ ಇನ್ನೊಂದು ಕಾಯಲೇಬೇಕು. ಒಂದು ದೊಡ್ಡ ಚಿತ್ರ ಆರು ತಿಂಗಳು ಮುಂದೆ ಹೋದರೆ, ಅಲ್ಲಿ ಮೊದಲೇ ಜಾಗ ಹಿಡಿದಿದ್ದ ಚಿತ್ರವೂ ಸರಿಯಬೇಕಾಗುತ್ತದೆ. ಅದು ಸರಿದರೆ ಮತ್ತೊಂದು.

ಮೂರನೆಯದು ನಮ್ಮ ಊರಿಗೆ ನೇರವಾಗಿ ತಾಗುವ ವಿಷಯ. ಇಂಥ ಚಿತ್ರದ ಅರ್ಧ ಕೆಲಸ ಕ್ಯಾಮೆರಾ ನಿಂತ ಮೇಲೆ ಶುರುವಾಗುತ್ತದೆ. 'ಟೆನೆಟ್' ಮತ್ತು 'ಡ್ಯೂನ್' ಎರಡಕ್ಕೂ ವಿಶುವಲ್ ಎಫೆಕ್ಟ್ಸ್‌ನ, ಅಂದರೆ ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ಕೆಲಸದ, ಆಸ್ಕರ್ ಬಂತು, ಎರಡರಲ್ಲೂ ಡಿಎನ್‌ಇಜಿ ಸಂಸ್ಥೆಯ ಕೆಲಸವಿದೆ. ಹೆಡ್ ಆಫೀಸ್ ಲಂಡನ್ನಿನಲ್ಲಿದ್ದರೂ 2014ರಲ್ಲಿ ಅದು ಅದೇ ಕೆಲಸ ಮಾಡುವ ಮುಂಬೈಯ ಪ್ರೈಮ್ ಫೋಕಸ್ ಕಂಪನಿ ಜೊತೆ ಸೇರಿತು, ಇಲ್ಲೂ ಅದರ ದೊಡ್ಡ ಸ್ಟುಡಿಯೋ ಇದೆ. ಗೋರೆಗಾಂವ್, ಅಂಧೇರಿ ಕಡೆಯ ಇಂಥ ಸ್ಟುಡಿಯೋಗಳಲ್ಲಿ ಕನ್ನಡದ ಹುಡುಗ ಹುಡುಗಿಯರೂ ಸಾಕಷ್ಟಿದ್ದಾರೆ. ಇವರ ಕೆಲಸ ನಡೆಯುವುದು ಹೀಗೆ. ಒಂದು ಶಾಟ್ ಬರುತ್ತದೆ, ನಾಲ್ಕು ಸೆಕೆಂಡಿನದ್ದು ಅಂದುಕೊಳ್ಳಿ. ಸೆಕೆಂಡಿಗೆ 24 ಫ್ರೇಮ್, ಒಟ್ಟು 96. ರೋಟೋ ಮಾಡುವವರು ನಟನ ಆಕಾರವನ್ನು, ಹಾರುವ ಕೂದಲನ್ನೂ ಸೇರಿಸಿ, ಫ್ರೇಮ್ ಫ್ರೇಮಿನಲ್ಲೂ ಅಂಚು ಎಳೆದು ಹಿನ್ನೆಲೆಯಿಂದ ಬೇರೆ ಮಾಡುತ್ತಾರೆ. ಪೇಂಟ್ ವಿಭಾಗದವರು ನಟನನ್ನು ಹಿಡಿದಿರುವ ತಂತಿಗಳನ್ನು ಅಳಿಸುತ್ತಾರೆ. ಕೊನೆಗೆ ಕಂಪೋಸಿಟಿಂಗ್‌ನವರು ಮರಳು, ಹೊಗೆ, ಹಡಗು ಎಲ್ಲವನ್ನೂ ಒಂದೇ ಬೆಳಕಿನಲ್ಲಿ ಕೂರಿಸುತ್ತಾರೆ. ದೊಡ್ಡ ಚಿತ್ರದಲ್ಲಿ ಇಂಥ ಶಾಟ್‌ಗಳು ಸಾವಿರ, ಎರಡು ಸಾವಿರ ದಾಟುವುದುಂಟು.

ಲಾಕ್‌ಡೌನ್‌ಗೆ ಮುಂಚೆ ಈ ಕೆಲಸ ಬೀಗ ಹಾಕಿದ ಕೋಣೆಯಲ್ಲಿ ನಡೆಯುತ್ತಿತ್ತು. ಮೊಬೈಲ್ ಹೊರಗೆ ಇಡಬೇಕು, ಕಂಪ್ಯೂಟರಿಗೆ ಇಂಟರ್ನೆಟ್ ಇರುವುದಿಲ್ಲ, ಒಂದು ಫ್ರೇಮೂ ಹೊರಗೆ ಸೋರಬಾರದು. ಹಾಲಿವುಡ್ ಸ್ಟುಡಿಯೋಗಳ ಕರಾರೇ ಹಾಗೆ. 2020ರ ಮಾರ್ಚ್ ಕೊನೆಗೆ ಇಡೀ ಊರು ಮನೆಯೊಳಗೆ ಹೋದಾಗ ಈ ಕೆಲಸವನ್ನು ಮನೆಗೆ ಕಳಿಸುವುದು ಹೇಗೆ? ಗ್ರಾಹಕರ ಒಪ್ಪಿಗೆ ಬೇಕು, ಆಫೀಸಿನ ಯಂತ್ರವನ್ನು ದೂರದಿಂದ ನಡೆಸುವ ವ್ಯವಸ್ಥೆ ಬೇಕು, ಮನೆಯ ಇಂಟರ್ನೆಟ್ ಅದನ್ನು ತಡೆದುಕೊಳ್ಳಬೇಕು. ಮಾಲಾಡಿನ ಒಂದು ಕೋಣೆಯ ಮನೆಯಲ್ಲಿ ಅಪ್ಪ ಅಮ್ಮ ಅಣ್ಣ ಎಲ್ಲರೂ ಒಳಗೇ ಇರುವಾಗ ಕೂದಲಿನ ಎಳೆ ಬಿಡಿಸುತ್ತ ಕೂರುವುದು ಸುಮ್ನೆ ಅಲ್ಲ. ಕೆಲಸ ನಿಲ್ಲಲಿಲ್ಲ, ನಿಧಾನವಾಯಿತು. ಆ ನಿಧಾನ ವ್ಯಾಂಕೂವರ್, ಲಂಡನ್, ಮುಂಬೈ ಮೂರೂ ಕಡೆ ಒಂದರ ಮೇಲೊಂದು ಕೂರುತ್ತ ಹೋಯಿತು. ಅದಕ್ಕೇ ದಿನಾಂಕ ಮುಂದೆ ಹಾಕಿದ್ದು ಕೆಲವು ಚಿತ್ರಗಳಿಗೆ ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ. ಆ ಸಮಯವನ್ನು ಕೊನೆಯ ತಿದ್ದುವಿಕೆಗೆ ಬಳಸಬಹುದಿತ್ತು.

ಚಿತ್ರೀಕರಣವೇ ನಿಂತ ಚಿತ್ರಗಳ ಪಾಡು ಇದಕ್ಕಿಂತ ಕಷ್ಟ. 'ಮ್ಯಾಟ್ರಿಕ್ಸ್' ಸರಣಿಯ ನಾಲ್ಕನೆಯದು 2021ರ ಮೇ ತಿಂಗಳಿಂದ 2022ರ ಏಪ್ರಿಲ್‌ಗೆ ಹೋಗಿ, ಮತ್ತೆ ಹಿಂದೆ ಬಂದು 2021ರ ಡಿಸೆಂಬರ್ 22ಕ್ಕೆ ನಿಂತಿತು. ಜೇಮ್ಸ್ ಕ್ಯಾಮರೂನ್ ಅವರ ಎರಡನೇ 'ಅವತಾರ್' 2021ರ ಡಿಸೆಂಬರ್‌ನಿಂದ 2022ರ ಡಿಸೆಂಬರ್ 16ಕ್ಕೆ ಹೋಯಿತು. ಅದರ ಬೆನ್ನಿಗೆ ಕಟ್ಟಿಕೊಂಡಿದ್ದ ಮೂರನೆಯದು 2023ರಿಂದ 2024ಕ್ಕೆ, ಆಮೇಲೆ 2025ರ ಡಿಸೆಂಬರ್ 19ಕ್ಕೆ. ಸಾಂಕ್ರಾಮಿಕ ಮುಗಿದ ಮೇಲೂ ಅದರ ನೆರಳು ಕ್ಯಾಲೆಂಡರ್ ಮೇಲೆ ಎಷ್ಟು ಉದ್ದ ಬಿತ್ತು ನೋಡಿ.

ದಿನಾಂಕ ಬದಲಿಸುವುದು ಅಂದರೆ ಪೋಸ್ಟರಿನಲ್ಲಿ ಎರಡು ಅಂಕಿ ತಿದ್ದುವುದು ಅಂತ ಯಾರೂ ಅಂದುಕೊಳ್ಳಬೇಡಿ. ಪ್ರಚಾರದ ದುಡ್ಡು ಒಮ್ಮೆ ಖರ್ಚಾದರೆ ವಾಪಸ್ ಬರುವುದಿಲ್ಲ. 'ಎ ಕ್ವಯೆಟ್ ಪ್ಲೇಸ್' ಚಿತ್ರದ ಎರಡನೇ ಭಾಗ 2020ರ ಮಾರ್ಚ್ 8ಕ್ಕೆ ನ್ಯೂಯಾರ್ಕಿನಲ್ಲಿ ಪ್ರೀಮಿಯರ್ ಕೂಡ ಮುಗಿಸಿತ್ತು. ಬಿಡುಗಡೆಗೆ ಇನ್ನೇನು ವಾರ ಇದೆ ಅನ್ನುವಾಗ ನಿಂತಿತು. ಜನ ನೋಡಿದ್ದು 2021ರ ಮೇ ಕೊನೆಗೆ. 'ಆರ್‌ಆರ್‌ಆರ್' ಚಿತ್ರದ್ದೂ ಅದೇ ಕಥೆ. 2020ರ ಜುಲೈ 30, 2021ರ ಜನವರಿ 8, ಅಕ್ಟೋಬರ್ 13, 2022ರ ಜನವರಿ 7 ಹೀಗೆ ತಾರೀಖು ಬದಲಾಗುತ್ತ ಬಂತು. ಡಿಸೆಂಬರ್‌ನಲ್ಲಿ ಮುಂಬೈಯಲ್ಲೇ ದೊಡ್ಡ ಪ್ರಚಾರ ಕಾರ್ಯಕ್ರಮ ನಡೆಯಿತು. ಒಮಿಕ್ರಾನ್ ಬಂತು, ದಿಲ್ಲಿ ಥಿಯೇಟರ್ ಮುಚ್ಚಿತು, ಆರು ದಿನ ಇರುವಾಗ ಚಿತ್ರ ಮತ್ತೆ ಮುಂದೆ ಹೋಯಿತು. ಬಂದಿದ್ದು ಮಾರ್ಚ್ 25ಕ್ಕೆ. ಇಷ್ಟೂ ದಿನ ಸಾಲದ ಬಡ್ಡಿ ಓಡುತ್ತಲೇ ಇತ್ತು.

ಇದನ್ನೆಲ್ಲ ತಡೆದುಕೊಳ್ಳುವ ಶಕ್ತಿ ಯಾರಿಗಿತ್ತು? ನನ್ನ ಇಡೀ ವಾದ ನಿಂತಿರುವುದು ಈ ಪ್ರಶ್ನೆಯ ಮೇಲೆ. ಮುಂದೂಡುವುದು ಶ್ರೀಮಂತ ಚಿತ್ರಕ್ಕೆ ಮಾತ್ರ ಇದ್ದ ದಾರಿ. ದುಡ್ಡು ಹಾಕಿದವರು ಎರಡು ವರ್ಷ ಕಾಯಬಲ್ಲವರಾದರೆ ಚಿತ್ರ ಪೆಟ್ಟಿಗೆಯಲ್ಲಿ ಕ್ಷೇಮವಾಗಿರುತ್ತದೆ. ಬಂದಾಗ ಜನ ಮೊದಲಿಗಿಂತ ಹಸಿದಿರುತ್ತಾರೆ. 2020ರ ಜೂನ್‌ನಿಂದ 2022ರ ಮೇ ತನಕ ಕಾದ 'ಟಾಪ್ ಗನ್: ಮ್ಯಾವೆರಿಕ್' 140 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು. ಕೆಜಿಎಫ್ ಕಥೆ ನಾನು ಹೇಳಬೇಕಾಗಿಲ್ಲ. ಕಾಯಲಾಗದವರು ಓಟಿಟಿಗೆ ಮಾರಿದರು. ವೈಜ್ಞಾನಿಕ ಕಲ್ಪನೆಯ ಚಿತ್ರಗಳಲ್ಲೂ ಹೀಗೆಯೇ ಎರಡು ಪಂಗಡವಾಯಿತು. 'ಬಯೋಸ್' ಅಂತ ಥಿಯೇಟರಿಗೆ ಬರಬೇಕಿದ್ದ ಟಾಮ್ ಹ್ಯಾಂಕ್ಸ್ ಚಿತ್ರ, ತಾರೀಖು ಮೇಲೆ ತಾರೀಖು ಬದಲಾಗಿ, ಕೊನೆಗೆ 'ಫಿಂಚ್' ಅನ್ನುವ ಹೆಸರಿನಲ್ಲಿ ಆಪಲ್ ಟಿವಿಗೆ ಹೋಯಿತು. 'ದ ಟುಮಾರೋ ವಾರ್' ಅಮೆಜಾನ್‌ಗೆ ಹೋಯಿತು. ಕನ್ನಡದಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ', 'ಭೀಮಸೇನ ನಳಮಹಾರಾಜ' 2020ರಲ್ಲೇ ನೇರ ಅಮೆಜಾನ್ ಪ್ರೈಮ್‌ಗೆ ಬಂದವು.

ಎರಡರ ಮಧ್ಯೆ ಸಿಕ್ಕಿಬಿದ್ದದ್ದು 'ಡ್ಯೂನ್'. 2020ರ ಡಿಸೆಂಬರ್ 3ಕ್ಕೆ ವಾರ್ನರ್ ಸಂಸ್ಥೆ 'ಡ್ಯೂನ್' ಸೇರಿ ತನ್ನ ಮುಂದಿನ ವರ್ಷದ 17 ಚಿತ್ರಗಳನ್ನೂ ಅಮೆರಿಕದಲ್ಲಿ ಥಿಯೇಟರ್ ಮತ್ತು ಎಚ್‌ಬಿಒ ಮ್ಯಾಕ್ಸ್ ಓಟಿಟಿಯಲ್ಲಿ ಒಂದೇ ದಿನ ಬಿಡುವುದಾಗಿ ಹೇಳಿತು. ನಿರ್ದೇಶಕ ಡೆನಿ ವಿಲ್ನವ್ ಬಹಿರಂಗವಾಗಿ ಬರೆದು ಪ್ರತಿಭಟಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ಅವರು ಮಾಡಿದ್ದು ಕಥೆಯ ಮೊದಲರ್ಧ ಮಾತ್ರ. ಥಿಯೇಟರಿನಲ್ಲಿ ದುಡ್ಡು ಬರದಿದ್ದರೆ ಎರಡನೆಯದು ಇಲ್ಲ. ಕೊನೆಗೆ ಚಿತ್ರ ಸುಮಾರು 40 ಕೋಟಿ ಡಾಲರ್ ಗಳಿಸಿತು. ಅಮೆರಿಕದಲ್ಲಿ ತೆರೆಕಂಡ ನಾಲ್ಕೇ ದಿನಕ್ಕೆ ಎರಡನೇ ಭಾಗಕ್ಕೆ ಒಪ್ಪಿಗೆ ಸಿಕ್ಕಿತು.

ಇನ್ನು ಕಾಯುವಿಕೆಯ ಖರ್ಚು ಯಾರ ತಲೆ ಮೇಲೆ ಬಿತ್ತು ಅನ್ನುವುದು. ಚಿತ್ರವನ್ನು ಪೆಟ್ಟಿಗೆಯಲ್ಲಿಡಬಹುದು, ಥಿಯೇಟರನ್ನು ಇಡಲಾಗುವುದಿಲ್ಲ. ಇವತ್ತು ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ. ಅದನ್ನು ತೆರೆಯಲು ಡಿಜಿಟಲ್ ಕೀಲಿ ಬೇಕು. ಇಂಥ ಸರ್ವರ್, ಇಂಥ ದಿನದಿಂದ ಇಂಥ ದಿನದ ತನಕ ಅಂತ ಅದರಲ್ಲಿ ಬರೆದಿರುತ್ತದೆ. ಕೀಲಿ ಬರದಿದ್ದರೆ ಪ್ರೊಜೆಕ್ಟರಿನ ಮುಂದೆ ಸಿನಿಮಾ ಇದ್ದರೂ ಇಲ್ಲದ ಹಾಗೆ. ಅಷ್ಟರಲ್ಲಿ ಪ್ರೊಜೆಕ್ಟರನ್ನು ಆಗಾಗ ಓಡಿಸಬೇಕು, ಎಸಿ ಹಾಕಬೇಕು, ಇಲಿ ಹೆಗ್ಗಣಗಳಿಂದ ಸೀಟು ಕಾಪಾಡಬೇಕು, ಕಾವಲಿನವನಿಗೆ ಸಂಬಳ ಕೊಡಬೇಕು. 2020ರ ನವೆಂಬರ್‌ನಲ್ಲಿ ತೆರೆದಾಗಲೂ ಒಳಗೆ ತಿಂಡಿ ಒಯ್ಯುವಂತಿರಲಿಲ್ಲ. ಮಲ್ಟಿಪ್ಲೆಕ್ಸ್‌ನ ಲಾಭ ಇರುವುದೇ ಪಾಪ್‌ಕಾರ್ನ್ ಕೌಂಟರಿನಲ್ಲಿ. ಈ ಊರಿನ ನಮ್ಮ ಹೋಟೆಲಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆ, ಕರೆಂಟು, ಹುಡುಗರ ಊಟ ಎಲ್ಲ ಹಾಗೇ ಇದ್ದು ಗಲ್ಲಾಪೆಟ್ಟಿಗೆ ಮಾತ್ರ ಖಾಲಿ ಇರುವ ತಿಂಗಳುಗಳನ್ನು ಅವರೂ ಕಂಡವರೇ. 2021ರ ಆಗಸ್ಟ್ 15ರಿಂದ ಹೋಟೆಲಿಗೆ ರಾತ್ರಿ ಹತ್ತರ ತನಕ ಅವಕಾಶ ಸಿಕ್ಕಿತು, ಎರಡು ಡೋಸ್ ಆದವರಿಗೆ ಲೋಕಲ್ ಟ್ರೇನೂ ಸಿಕ್ಕಿತು. ಥಿಯೇಟರ್ ಇನ್ನೂ ಎರಡು ತಿಂಗಳು ಕಾಯಿತು.

ತೆರೆದ ಮೇಲೆ ಇನ್ನೊಂದು ತೊಂದರೆ. ಕಾದಿದ್ದ ದೊಡ್ಡವೆಲ್ಲ ಒಟ್ಟಿಗೆ ನುಗ್ಗಿದವು. 2021ರ ನವೆಂಬರ್ 5ಕ್ಕೆ ಒಂದೇ ದಿನ 'ಸೂರ್ಯವಂಶಿ' ಮತ್ತು 'ಇಟರ್ನಲ್ಸ್'. ಡಿಸೆಂಬರ್ 16ಕ್ಕೆ 'ಸ್ಪೈಡರ್‌ಮ್ಯಾನ್', 17ಕ್ಕೆ 'ಪುಷ್ಪ', 22ಕ್ಕೆ 'ಮ್ಯಾಟ್ರಿಕ್ಸ್', 24ಕ್ಕೆ '83'. ಒಂಬತ್ತು ದಿನದಲ್ಲಿ ನಾಲ್ಕು, ಅದೂ ಅರ್ಧ ಸೀಟಿನ ಮಹಾರಾಷ್ಟ್ರದಲ್ಲಿ. ಕೊನೆಗೆ ಬಂದ ಎರಡಕ್ಕೂ ಉಸಿರಾಡಲು ಜಾಗ ಸಿಗಲಿಲ್ಲ. ಸುಮಾರು ಎರಡು ವರ್ಷ ಕಾದ '83' ಚಿತ್ರಕ್ಕೆ ಇದು ಆಗಬಾರದಿತ್ತು.

ಇಂಥ ನೂಕುನುಗ್ಗಲಲ್ಲಿ ಮುಂಬೈಯಲ್ಲಿ ಕನ್ನಡ ಸಿನಿಮಾಗೆ ಏನು ಉಳಿಯುತ್ತದೆ? ಮಾಮೂಲಿ ದಿನಗಳಲ್ಲೇ ನಮಗೆ ಸಿಗುವುದು ಮಿಕ್ಕ ಹೊತ್ತು. ಠಾಣೆಯಲ್ಲೋ ಘಾಟ್ಕೋಪರಿನಲ್ಲೋ ಬೆಳಗಿನ ಒಂದು ಆಟ, ಅದೂ ವಾರದ ಕೊನೆಗೆ. ಡೊಂಬಿವಲಿಯವರು ಅದಕ್ಕಾಗಿ ಟ್ರೇನ್ ಹತ್ತಿ ಬರಬೇಕು. ಒಂದು ತೆರೆಯಲ್ಲಿ ದಿನಕ್ಕೆ ನಾಲ್ಕೈದು ಆಟ ಮಾತ್ರ ಸಾಧ್ಯ. ಮೂರು ದೊಡ್ಡ ಚಿತ್ರಗಳು ಅದಕ್ಕಾಗಿ ಕಿತ್ತಾಡುವಾಗ ಮೊದಲು ಹೋಗುವುದು ಬೆಳಗಿನ ಆ ಒಂದು ಆಟವೇ. ಇಲ್ಲಿನ ಕನ್ನಡಿಗರ ಕರ್ನಾಟಕ ಸಂಘದಲ್ಲೋ ಮೈಸೂರ್ ಅಸೋಸಿಯೇಷನ್‌ನಲ್ಲೋ ಸೇರಿದಾಗ "ನಮ್ಮ ಪಿಕ್ಚರ್ ಇಲ್ಲಿ ಯಾಕೆ ಬರಲಿಲ್ಲ ಮಾರಾಯ್ರೆ" ಅಂತ ಹಿರಿಯರು ಕೇಳಿದರೆ ಜನ ಬರುವುದಿಲ್ಲ ಅಂತ ಹೇಳಿ ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. 2022ರಲ್ಲಿ 'ಕಾಂತಾರ' ಇದೇ ಊರಲ್ಲಿ ತುಂಬಿ ಓಡಿತು. ಆಟ ಕೊಟ್ಟರೆ ಜನ ಬರುತ್ತಾರೆ.

ಮುಂದಿನ ಸಲಕ್ಕೆ ಎರಡು ವಿಷಯ ಈಗಲೇ ಆಗಬೇಕು. ಒಂದು, ತೆರೆಯುವ ದಿನಾಂಕವನ್ನು ಸರ್ಕಾರ ನಾಲ್ಕು ವಾರ ಮೊದಲೇ ಹೇಳುವುದು. 2021ರ ಸೆಪ್ಟೆಂಬರ್‌ನಲ್ಲಿ ಹಾಗೆ ಮಾಡಿದ್ದಕ್ಕೇ ವ್ಯಾಪಾರ ಹಳಿಗೆ ಬಂತು. ಪ್ರಚಾರಕ್ಕೆ, ಸಿಬ್ಬಂದಿಯನ್ನು ಊರಿಂದ ಕರೆಸಲು, ಕೀಲಿ ಕಳಿಸಲು ಅಷ್ಟು ಸಮಯ ಬೇಕೇ ಬೇಕು. ಇನ್ನೊಂದು ವಿಮೆ. ಸಾಂಕ್ರಾಮಿಕದ ನಷ್ಟ ಕಟ್ಟಿಕೊಡುವುದಿಲ್ಲ ಅಂತ ವಿಮಾ ಕಂಪನಿಗಳು ಹೊಸ ಪಾಲಿಸಿಗಳಲ್ಲಿ ಬರೆದಾಗ ಬ್ರಿಟನ್ ಸರ್ಕಾರ 2020ರ ಜುಲೈಯಲ್ಲಿ 50 ಕೋಟಿ ಪೌಂಡಿನ ಯೋಜನೆ ತಂದು, ಚಿತ್ರೀಕರಣ ಕೋವಿಡ್‌ನಿಂದ ನಿಂತರೆ ನಷ್ಟ ತುಂಬಿಕೊಡುವ ಭರವಸೆ ಕೊಟ್ಟಿತು. ಅಲ್ಲಿನ ಸಣ್ಣ ನಿರ್ಮಾಪಕರೂ ಅದರಿಂದ ಮತ್ತೆ ಕ್ಯಾಮೆರಾ ಎತ್ತಿದರು. ನಮ್ಮಲ್ಲಿ ಅಂಥ ಯೋಜನೆ ಇರಲಿಲ್ಲ. ಮುಂಬೈ, ಬೆಂಗಳೂರು, ಹೈದರಾಬಾದ್, ಚೆನ್ನೈ ನಾಲ್ಕೂ ಕಡೆಯ ಚಲನಚಿತ್ರ ವಾಣಿಜ್ಯ ಮಂಡಳಿಗಳು ಸೇರಿ ಇದನ್ನು ಕೇಂದ್ರದ ಮುಂದೆ ಇಡಬೇಕು. ಅದರಲ್ಲಿ ಥಿಯೇಟರಿನ ಕೆಲಸಗಾರರ ಸಂಬಳವೂ, ಸಣ್ಣ ಬಜೆಟ್ಟಿನ ಚಿತ್ರಗಳೂ ಮೊದಲ ಸಾಲಿನಲ್ಲೇ ಇರಬೇಕು.